ಸತ್ಯಾಂಶ: ಹಳೇ ಡೀಸೆಲ್ ಕಾರು ಅಡುಗೆ ಎಣ್ಣೆಯಲ್ಲೇ ಓಡುತ್ತಾ?

"ಹಳೇ ಡೀಸೆಲ್ ಕಾರಿಗೆ ಅಡುಗೆ ಎಣ್ಣೆ ಸುರಿದರೆ ಸಾಕು, ಏನೂ ಬದಲಾಯಿಸಬೇಕಿಲ್ಲ" ಎನ್ನುವ ಮೆಸೇಜ್ ಆಗಾಗ ಓಡಾಡುತ್ತದೆ. ಮನೆಯಲ್ಲೇ ಹಳೇ ಸೆಡಾನ್ ರಿಪೇರಿಗೆ ಇಳಿದಿರುವವರು ಸ್ವಲ್ಪ ತಡೆಯಿರಿ.

ಇದು ಪೂರ್ತಿ ಸುಳ್ಳಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ನಿಮ್ಮ ಕಾರೂ ಓಡಬಹುದು. ತೊಂದರೆ ಶುರುವಾಗುವುದು ಆಮೇಲೆ.

ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದ. ಎಂಜಿನ್ ಒಳಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಅದನ್ನು ಮಂಜಿನ ಹಾಗೆ ಚಿಮ್ಮಿಸಲಾರದು, ದಪ್ಪ ಹನಿಗಳು ಬೀಳುತ್ತವೆ. ಅರ್ಧಂಬರ್ಧ ಉರಿದದ್ದು ಇಂಜೆಕ್ಟರ್‌ನ ನಾಝಲ್ ತುದಿಯಲ್ಲಿ ಕಪ್ಪಗೆ ಗಟ್ಟಿಯಾಗುತ್ತದೆ, ಪಿಸ್ಟನ್ ರಿಂಗುಗಳು ಅಂಟಿಕೊಳ್ಳುತ್ತವೆ. ಉರಿಯದ ಎಣ್ಣೆ ಕೆಳಗೆ ಇಳಿದು ಎಂಜಿನ್ ಆಯಿಲ್‌ಗೆ ಸೇರಿದರೆ ಅದೂ ಅಂಟಂಟಾಗುತ್ತದೆ. ಬಾಣಲೆಯ ಅಂಚಿನಲ್ಲಿ ಎಷ್ಟು ಉಜ್ಜಿದರೂ ಹೋಗದ ಜಿಡ್ಡು ನೋಡಿದ್ದೀರಲ್ವಾ? ಹೆಚ್ಚೂಕಮ್ಮಿ ಅದೇ.

ಎಣ್ಣೆಯಲ್ಲೇ ಓಡಿಸುವವರು ಎರಡು ಟ್ಯಾಂಕ್ ಇಡುತ್ತಾರೆ. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ಕೂಲಂಟ್‌ನ (ಎಂಜಿನ್ ತಣಿಸುವ ದ್ರವ) ಬಿಸಿಯಿಂದ ಎಣ್ಣೆ ಕಾಯಿಸಿ ತೆಳ್ಳಗೆ ಮಾಡಿ, ನಿಲ್ಲಿಸುವ ಮೊದಲು ಮತ್ತೆ ಡೀಸೆಲ್‌ಗೆ ಬರುತ್ತಾರೆ. "ಏನೂ ಬದಲಾಯಿಸಬೇಕಿಲ್ಲ" ಅನ್ನೋದು ಸುಮ್ನೆ ಮಾತು.

ಬಯೋಡೀಸೆಲ್ ಬೇರೆಯದೇ ವಸ್ತು. ಎಣ್ಣೆಯನ್ನು ಸಾಮಾನ್ಯವಾಗಿ ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಸೇರಿಸಿ ಬದಲಾಯಿಸಿ ತೆಳ್ಳಗೆ ಮಾಡಿದ್ದು. ಅದರದ್ದೂ ಒಂದು ತಕರಾರಿದೆ: ಹಳೇ ಟ್ಯಾಂಕಿನ ಕೊಳೆಯನ್ನೆಲ್ಲ ಕಿತ್ತು ತಂದು ಫಿಲ್ಟರ್‌ಗೆ ತುಂಬುತ್ತದೆ, ಹಳೇ ರಬ್ಬರ್ ಪೈಪು ಮೆತ್ತಗಾಗಿ ಸೋರುತ್ತದೆ. ಹೇಗಿದ್ದರೂ ಪೈಪು ಬದಲಾಯಿಸುತ್ತೀರಿ, ಬಯೋಡೀಸೆಲ್ ತಾಳುವ ವಿಟಾನ್ ರಬ್ಬರ್ ಪೈಪೇ ಹಾಕಿ. ಫಿಲ್ಟರ್ ಒಂದು ಜಾಸ್ತಿ ಇಟ್ಟುಕೊಂಡಿರಿ.