ಶಟರ್‌ಗೆ ಮೋಟರ್ ಹಾಕ್ಸೋದಾದ್ರೆ ಬೆಲ್ಟ್ ಹತ್ರ ಹಾಕ್ಸಿ

ಜರ್ಮನೀಲಿ ಬಹಳಷ್ಟು ಮನೆ ಕಿಟಕಿಗೆ ಹೊರಗಡೆಯಿಂದ ಒಂದು ಶಟರ್ ಇರತ್ತೆ, ನಮ್ಮ ಕಡೆ ಅಂಗಡಿ ಬಾಗಿಲಿಗೆ ಇಳಿಸ್ತಾರಲ್ಲ ಆ ಥರದ್ದೇ, ಪ್ಲಾಸ್ಟಿಕ್ ಪಟ್ಟಿಗಳದ್ದು, ಇಲ್ಲಿ ರೋಲ್ಲಾಡನ್ ಅಂತಾರೆ. ಕಿಟಕಿ ಪಕ್ಕ ಗೋಡೇಲಿರೋ ಬೆಲ್ಟ್ ಹಿಡಿದು ಬೆಳಿಗ್ಗೆ ಎಳೀಬೇಕು, ರಾತ್ರಿ ಇಳಿಸ್ಬೇಕು. ಜೂನಲ್ಲಿ ಸ್ಟುಟ್‌ಗಾರ್ಟ್ ಕಡೆ ರಾತ್ರಿ 9.30ರ ತನಕ ಬಿಸಿಲು, ಮಕ್ಕಳನ್ನ ಎಂಟಕ್ಕೆ ಮಲಗಿಸ್ಬೇಕು ಅಂದ್ರೆ ಶಟರ್ ಇಳಿಸ್ದೆ ಆಗೋದೇ ಇಲ್ಲ. ಬೇಸಿಗೆ ಸೆಖೆಗೂ ಅಷ್ಟೇ, ಹೆಚ್ಚಿನ ಮನೇಲಿ ಏಸಿ ಇಲ್ಲ, ಗಾಜು ದಾಟಿ ಬಿಸಿಲು ಒಳಗೆ ಬಂದ್ಮೇಲೆ ಕರ್ಟನ್ ಎಳೆದು ಏನುಪಯೋಗ.

ದಿನಾ ಕೈಯಲ್ಲಿ ಎಳೆಯೋ ಬದಲು ಮೋಟರ್ ಹಾಕ್ಸೋಣ ಅಂದ ತಕ್ಷಣ ಎಲ್ರೂ ಹೇಳೋದು ಟ್ಯೂಬ್ಯುಲರ್ ಮೋಟರ್. ಕಿಟಕಿ ಮೇಲಿನ ಪೆಟ್ಟಿಗೇಲಿ ಶಟರ್ ಸುತ್ಕೊಳ್ಳೋ ಎಂಟು ಮೂಲೆಯ ಕಬ್ಬಿಣದ ಪೈಪ್ ಇರತ್ತೆ, ಸಾಮಾನ್ಯವಾಗಿ 60 ಮಿಮೀದು, ಅದರೊಳಗೇ ಮೋಟರ್ ಕೂತ್ಕೊಳತ್ತೆ. ನೋಡೋಕೆ ಚೆನ್ನ, ಸದ್ದೂ ಕಮ್ಮಿ. ಆದ್ರೆ ಪೆಟ್ಟಿಗೆವರೆಗೆ 230 ವೋಲ್ಟ್ ವೈರ್ ಎಳೀಬೇಕು, ಅಂದ್ರೆ ಗೋಡೆ ಕೊರೀಬೇಕು, ಎಲೆಕ್ಟ್ರಿಷಿಯನ್ ಬರ್ಬೇಕು, ಅದಕ್ಕೂ ಮುಂಚೆ ಮನೆ ಓನರ್ ಒಪ್ಬೇಕು, ಮುಂದೆ ಕೆಟ್ರೆ ಮತ್ತೆ ಪೆಟ್ಟಿಗೆ ಬಿಚ್ಚಿ ಆ ಧೂಳೆಲ್ಲ ತಲೆ ಮೇಲೆ.

ನನ್ ವೋಟು ಬೆಲ್ಟ್ ಸುತ್ತೋ ಮೋಟರ್‌ಗೆ. ಗೋಡೇಲಿ ಬೆಲ್ಟ್ ಸುತ್ಕೊಳ್ಳೋ ಹಳೇ ಡಬ್ಬಿ ಇದ್ದ ಗೂಡಲ್ಲೇ ಇದು ಕೂರತ್ತೆ, ಪ್ಲಗ್ ಸಾಕೆಟ್‌ಗೆ ಹಾಕಿದ್ರೆ ಆಯ್ತು. ಬೆಲ್ಟ್ ಅಗಲ ಮಾತ್ರ ಮೊದಲೇ ಅಳೀರಿ, 23 ಮಿಮೀಗೆ ಬೇರೆ ಮಾಡೆಲ್, 15ಕ್ಕೆ ಬೇರೆ. ಶಟರ್ ಪೂರ್ತಿ ಕೆಳಗಿಳಿಸಿ ಬೆಲ್ಟ್ ಸಡಿಲ ಮಾಡ್ಕೊಂಡು ಸ್ಕ್ರೂ ಬಿಚ್ಚೋದು, ಆದ್ರೆ ಹಳೇ ಡಬ್ಬಿಯೊಳಗೆ ಬಿಗಿಯಾಗಿ ಸುತ್ತಿದ ಸ್ಪ್ರಿಂಗ್ ಇರತ್ತೆ, ಅದು ತಿರುಗ್ದಂಗೆ ಲಾಕ್ ಮಾಡ್ದೆ ಬೆಲ್ಟ್ ಬಿಟ್ರೋ ಬುಗುರಿ ಥರ ಗಿರ್ರಂತ ತಿರುಗಿ ಬೆರಳು ಕುಯ್ಯತ್ತೆ. ಆಮೇಲೆ ಶಟರ್ ನಿಲ್ಬೇಕಾದ ಮೇಲಿನ ಪಾಯಿಂಟು, ಕೆಳಗಿನ ಪಾಯಿಂಟು ಬಟನ್ ಒತ್ತಿ ಸೆಟ್ ಮಾಡ್ಬೇಕು. ಮೇಲಿನದನ್ನ ತೀರಾ ತುದಿಗೆ ಇಡ್ಬೇಡಿ, ದಿನಾ ಬೆಲ್ಟ್ ಜಗ್ಗಿ ಜಗ್ಗಿ ಹರಿಯತ್ತೆ. ಗರ್ ಅಂತ ಸದ್ದು ಜಾಸ್ತಿ, ಹೌದು. ಮನೆ ಖಾಲಿ ಮಾಡುವಾಗ ಹಳೇದನ್ನ ವಾಪಸ್ ಕೂರಿಸಿ ಮೋಟರ್ ಎತ್ಕೊಂಡು ಹೋಗ್ಬೋದಲ್ಲ, ಬಾಡಿಗೆಯವರಿಗೆ ಇನ್ನೇನ್ ಬೇಕು. ಹಾಂ, ಎಲ್ಲಾ ಕಿಟಕಿಗೂ ಹಾಕ್ಬೇಡಿ, ಬಾಲ್ಕನಿ ಬಾಗಿಲಿನದ್ದು ಕೈಯಲ್ಲೇ ಇರ್ಲಿ. ಬೆಂಕಿ ಗಿಂಕಿ ಬಿದ್ದು ಕರೆಂಟ್ ಹೋದ್ರೆ ಹೊರಗೆ ಹೋಗೋಕೆ ಒಂದು ದಾರಿ ಬೇಕು.

ಹೆಜ್ಜೆ ಹೆಜ್ಜೆಯಾಗಿ ತಿರುಗೋ ಸಣ್ಣ ಸ್ಟೆಪ್ಪರ್ ಮೋಟರ್ ತಂದು ಬ್ಲೈಂಡ್‌ನ ಮಣಿ ಚೈನ್ ಎಳೆಸೋ ಹುಡುಗರೂ ಇದಾರೆ. ಒಳಗಡೆ ಬಟ್ಟೆ ಬ್ಲೈಂಡ್‌ಗೆ ಸರಿ, ಈ ಶಟರ್ ತೂಕಕ್ಕೆ ಅಲ್ಲ.

ಮೈಸೂರಲ್ಲಿ ಮನೆ ಕಟ್ಟಿಸ್ತಿರೋ ಅಕ್ಕ ಇದನ್ನೆಲ್ಲ ವಿಡಿಯೋ ಕಾಲಲ್ಲಿ ನೋಡಿ ನಮಗೂ ಒಂದು ಹಾಕ್ಸೋಣ ಅಂದ್ಲು. ಬೇಡ ಕಣೆ ಅಂದೆ. ಅಲ್ಲಿ ವರ್ಷವಿಡೀ ಹಗಲು ಹೆಚ್ಚು ಕಮ್ಮಿ ಹನ್ನೆರಡು ಗಂಟೆ, ನೆತ್ತಿ ಮೇಲಿನ ಬಿಸಿಲಿಗೆ ಅಗಲವಾದ ಸಜ್ಜಾ ಸಾಕು, ಸಂಜೆ ಕಿಟಕಿ ತೆಗೆದ್ರೆ ಗಾಳಿ ಬರತ್ತೆ, ಅದನ್ಯಾಕೆ ಪ್ಲಾಸ್ಟಿಕ್ ಹಾಕಿ ಮುಚ್ಚೋದು. ಪಡುವಣದ ಕಿಟಕಿಗೆ ಸಜ್ಜಾ ಸಾಲಲ್ಲ ನಿಜ, ಅಲ್ಲಿಗೆ ಹೊರಗಡೆ ಚಿಕ್, ಅದೇ ಬಿದಿರಿನ ಪರದೆ, ಕಟ್ಟಿಸು ಅಂದೆ. ಹಾಲ್‌ನ ಕರ್ಟನ್‌ಗಾದ್ರೂ ಮೋಟರ್ ಬೇಕೇ ಬೇಕು ಅಂತ ಕೂತಿದಾಳೆ, ಸರಿ, ಪ್ಲಾಸ್ಟರಿಂಗ್‌ಗೆ ಮುಂಚೆ ಕರ್ಟನ್ ಮೇಲಿನ ಪೆಲ್ಮೆಟ್ ಹತ್ರ ಒಂದು ಕರೆಂಟ್ ಪಾಯಿಂಟ್ ಬಿಡ್ಸು, ಅದನ್ನ ಯುಪಿಎಸ್ ಲೈನ್‌ಗೇ ಕೊಡ್ಸು ಅಂತ ಹೇಳಿದೀನಿ.