ಪಟ್ಟೆತಲೆಯ ದರ್ಶನ

ದುರ್ಬೀನು ಕೊಂಡದ್ದು ನವೆಂಬರಿನಲ್ಲಿ. ಮಾಗಡಿ ಕೆರೆಗೆ ಹೋಗಿ ಪಟ್ಟೆತಲೆ ಹೆಬ್ಬಾತು ನೋಡಬೇಕಿತ್ತು. ಮಾಗಡಿ ಅಂದರೆ ಬೆಂಗಳೂರಿನ ಪಕ್ಕದ್ದಲ್ಲ, ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನದು. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ, ಸೇರಿದ ಕೆರೆ. ಹುಬ್ಬಳ್ಳಿಯಲ್ಲಿದ್ದೂ ನೋಡಿಲ್ಲ ಎಂದರೆ ನಾಚಿಕೆ ಅಲ್ವಾ?

ಈ ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯವು. ಹಿಮಾಲಯ ದಾಟಿ ಬರುತ್ತವೆ. 7 ಸಾವಿರ ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ನನಗೆ ಎರಡನೇ ಮಹಡಿ ಹತ್ತಿದರೇ ಏದುಸಿರು.

ಬೆಳಗಿನ ಜಾವವೇ ದಡದಲ್ಲಿರಬೇಕು ಎಂದು ಬಲ್ಲವರು ಹೇಳಿದ್ದರು. ಮೊದಲ ಭಾನುವಾರ ಮದುವೆ ಇತ್ತು. ಎರಡನೆಯದಕ್ಕೆ ನೆಗಡಿ. ಆಮೇಲಿನವಕ್ಕೆ ಕಾರಣವೂ ಬೇಕಾಗಲಿಲ್ಲ, ಅಲಾರಂ ಬಾಯಿ ಮುಚ್ಚಿಸಿ ಮಗ್ಗುಲು ಬದಲಿಸಿದೆ.

"ಅವು ಹಿಮಾಲಯಾ ದಾಟಿ ಬಂದ್ವು. ನಿಮಗ ಗದಗ ದಾಟಾಕ ಆಗವಲ್ದು" ಎಂದಳು ಹೆಂಡತಿ.

ಮಾರ್ಚ್ ಕೊನೆಗೆ ಅಮೆರಿಕದಿಂದ ಅಳಿಯನ ಫೋನು. "ಮಾಮಾ, ಇಲ್ಲಿ ಚಳಿ ಮುಗೀತು, ಹಕ್ಕಿ ಸೀಸನ್ ಶುರು!" ನನಗೂ ಹುರುಪು ಬಂತು. ಅಲ್ಲಿ ಹಕ್ಕಿ ಬರುವ ಹೊತ್ತೆಂದರೆ ಇಲ್ಲಿ ಹಕ್ಕಿ ಹೊರಡುವ ಹೊತ್ತು ಎಂಬುದು ಹೊಳೆಯಲೇ ಇಲ್ಲ. ಮರುದಿನ ಭಾನುವಾರ. ನಾಲ್ಕಕ್ಕೇ ಎದ್ದು ಹೊರಟೆ.

ಕೆರೆ ಮೇಲೆ ಇನ್ನೂ ಮಸುಕು. ಆಚೆ ದಡದ ಜಾಲಿ ಬುಡದಲ್ಲಿ ಏನೋ ಬಿಳಿ ಅಲುಗಿತು. ದುರ್ಬೀನು ಎತ್ತಿದೆ. ಗಾಲಿ ತಿರುವಿದಷ್ಟೂ ಮಂಜು ಮಂಜು. ಕಡೆಗೆ ತಲೆಯೊಂದು ಕಂಡಿತು. ಬೆಳ್ಳಗಿದೆ. ಹಿಂಬದಿಗೆ ಅಡ್ಡಡ್ಡ ಎರಡು ಕಪ್ಪು ಪಟ್ಟೆ! ಪುಸ್ತಕದಲ್ಲಿದ್ದ ಹಾಗೇ. ಎದೆ ಡವಡವ ಎಂದಿತು. ಉಸಿರು ಹಿಡಿದು ನೋಡುತ್ತಲೇ ಇದ್ದೆ. ಪಟ್ಟೆತಲೆ ನಿಧಾನಕ್ಕೆ ಎದ್ದು ನಿಂತಿತು. ಈ ಕಡೆ ತಿರುಗಿತು. ಬಾಯಲ್ಲಿ ಬೇವಿನಕಡ್ಡಿ ಇತ್ತು.

ಅಜ್ಜ ಟವೆಲ್ಲನ್ನು ಬಿಚ್ಚಿ ಮತ್ತೆ ಬಿಗಿಯಾಗಿ ತಲೆಗೆ ಸುತ್ತಿಕೊಂಡು ದಡ ಬಳಸಿ ಬಂದರು. ಕಪ್ಪು ಅಂಚಿನ ಟವೆಲ್ಲು.

"ನನ್ನ ಏನ್ ನೋಡಾಕತ್ತೀರಿ ಅಷ್ಟೊತ್ತಿಂದ?"

"ನಿಮ್ಮನ್ನಲ್ಲರೀ ಅಜ್ಜಾರ... ಬಾತುಕೋಳಿ."

"ಹೋದ್ವಲ್ರೀ! ಮೊನ್ನೀನ ಖಾಲಿ ಮಾಡಿದ್ವು. ಇನ್ನ ದೀಪಾವಳಿ ಮುಗದ ಮ್ಯಾಲ ಬರ್ರಿ." ನಂತರ ದುರ್ಬೀನಿನತ್ತ ಕಣ್ಣು ಹಾಯಿಸಿದರು. "ಎಷ್ಟು ಕೊಟ್ರಿ ಇದಕ್ಕ?"

ಅರ್ಧ ಬೆಲೆ ಹೇಳಿದೆ. ಹೆಂಡತಿಗೆ ಹೇಳಿದ್ದೂ ಅಷ್ಟೇ.

ಬರಿಗೈಲಿ ಬರಬಾರದೆಂದು ಕೆರೆಯಲ್ಲಿ ಮುಳುಗಿ ಏಳುತ್ತಿದ್ದ ಎರಡು ಗುಳುಮುಳುಕಗಳನ್ನು ಬರೆದುಕೊಂಡೆ. ಅವು ವರ್ಷಪೂರ್ತಿ ಇಲ್ಲೇ ಇರುತ್ತವಂತೆ. ನನ್ನ ಹಾಗೇ, ದೂರ ಹೋಗುವವಲ್ಲ.

ಈಗ ಏಪ್ರಿಲ್. ಮನೆ ಮುಂದಿನ ಬೇವಿನ ಮರಕ್ಕೆ ಕೋಗಿಲೆ ಬಂದು ಕೂತಿದೆ. ದಿನಾ ನಾಲ್ಕೂವರೆಗೆ ಶುರು ಹಚ್ಚುತ್ತದೆ. ಐದು ತಿಂಗಳು ಅಲಾರಂಗೆ ಬಗ್ಗದ ನಾನು ಮೊದಲ ಕೂಗಿಗೇ ಎದ್ದು ಕೂರುತ್ತೇನೆ. ಹೋಗಲು ಎಲ್ಲೂ ಇಲ್ಲ.