ಹಾಂಗ್‌ಕಾಂಗ್‌ನವರ 'ಲಿಪ್'

ಇಂಗ್ಲಿಷ್ ಪದ ಬೆರೆತರೆ ಭಾಷೆ ಕೆಟ್ಟೇಹೋಯಿತು ಅನ್ನುವವರು ಒಮ್ಮೆ ಕ್ಯಾಂಟನೀಸ್ ಕಡೆ ನೋಡಬೇಕು. ದಕ್ಷಿಣ ಚೀನಾದ ಹಾಂಗ್‌ಕಾಂಗ್, ಗ್ವಾಂಗ್‌ಝೌ ಸುತ್ತಿನ ಜನರ ಮಾತು ಅದು. ಬಸ್ಸಿಗೆ ಬಾಸಿ, ಟ್ಯಾಕ್ಸಿಗೆ ದಿಕ್‌ಸಿ, ಚೆಂಡಿಗೆ ಬೋ. ಟಿಕೆಟ್ಟಿಗೆ 'ಫೇಯ್', ಅಂದರೆ ಇಂಗ್ಲಿಷಿನ ಫೇರ್. ಬಸ್ಸಿಗಷ್ಟೇ ಅಲ್ಲ, ಸಿನಿಮಾಕ್ಕೂ ಫೇಯ್ ತಗೋಬೇಕು. ಭಾರತದಿಂದ ಇಂಗ್ಲಿಷಿಗೆ ಹೋದ ನಮ್ಮ 'ಕೂಲಿ' ಕೂಡ ಅಲ್ಲಿ 'ಗುಲೇಯ್' ಆಗಿ ಕೂತಿದೆ.

1757ರಿಂದ 1842ರವರೆಗೆ ಯುರೋಪಿನ ಹಡಗುಗಳಿಗೆ ಚೀನಾದಲ್ಲಿ ತೆರೆದಿದ್ದ ಬಂದರು ಗ್ವಾಂಗ್‌ಝೌ ಒಂದೇ. ಆಮೇಲೆ 1997ರವರೆಗೆ ಹಾಂಗ್‌ಕಾಂಗ್ ಬ್ರಿಟಿಷರ ಕೈಯಲ್ಲಿತ್ತು. ಪದಗಳು ಬಾರದೆ ಇರುತ್ತವೆಯೆ? ಆದರೆ ಬಂದ ಪದವನ್ನು ಅವರು ಹೇಗೆ ಬಗ್ಗಿಸಿದರು ನೋಡಿ. ಅವರಿಗೆ ಒತ್ತಕ್ಷರ ಹೊರಳದು, ರಕಾರವಂತೂ ಇಲ್ಲವೇ ಇಲ್ಲ. ಹಾಗಾಗಿ ಸ್ಟ್ರಾಬೆರಿ 'ಸಿ-ದೋ-ಬೇ-ಲೇಯ್' ಆಯಿತು. ಮೇಲಾಗಿ ಆ ಭಾಷೆಯಲ್ಲಿ ಪ್ರತಿ ಉಚ್ಚಾರಕ್ಕೂ ಆರು ಸ್ಥಾಯಿಗಳಲ್ಲಿ ಒಂದು ಬೇಕು. 'ಸಿ' ಅನ್ನುವುದನ್ನು ಮೇಲೆ ಹಿಡಿದರೆ ಕವಿತೆ, ಏರಿಸುತ್ತ ಹೋದರೆ ಇತಿಹಾಸ, ಇಳಿಸಿದರೆ ಸಮಯ. ಪರದೇಶದ ಪದವೂ ಈ ಶ್ರುತಿಗೆ ಸೇರಿದ ಮೇಲೇ ಮನೆಯೊಳಗೆ.

ಲಿಫ್ಟಿಗೆ 'ಲಿಪ್' ಅಂದರು. ಬರೆಯೋಕೆ ಅಕ್ಷರ ಇರಲಿಲ್ಲ. ಗಾಡಿಯ ಚಿಹ್ನೆಯ ಪಕ್ಕಕ್ಕೆ, ಉಚ್ಚಾರ ಹತ್ತಿರವಿದ್ದ 'ಎದ್ದು ನಿಲ್ಲು' ಚಿಹ್ನೆಯನ್ನು ಸೇರಿಸಿ ಒಂದು ಅಕ್ಷರವನ್ನೇ ಕಟ್ಟಿಕೊಂಡರು. ನನಗೆ ಇದಕ್ಕಿಂತ ದೊಡ್ಡ ಆತ್ಮವಿಶ್ವಾಸ ಯಾವ ಭಾಷೆಯಲ್ಲೂ ಕಂಡಿಲ್ಲ. ವ್ಯಾಕರಣವೂ ಅಷ್ಟೇ. 'ಹೋಗ್ತೀಯಾ' ಅಂತ ಕೇಳೋಕೆ ಅವರು 'ಹೋಗು-ಇಲ್ಲ-ಹೋಗು' ಅನ್ನುತ್ತಾರೆ. ಓಕೆನಾ ಅಂತ ಕೇಳಬೇಕಾದರೆ ಓಕೆಯನ್ನೇ ಸೀಳಿ 'ಓ-ಮ್-ಓಕೆ ಆ?' ಅಂತಾರೆ; 'ಮ್' ಅಂದರೆ ಇಲ್ಲ. ಅವರ ದಿಕ್‌ಸಿ ಬೀಜಿಂಗ್‌ವರೆಗೂ ಹೋಗಿದೆ. ಟ್ಯಾಕ್ಸಿ ಹಿಡಿಯುವುದಕ್ಕೆ ಅಲ್ಲಿಯವರು ಆಡುವ 'ದಾ ದೀ' ಮಾತಿನ ಬಾಲ ಇದೇ.

ಇಷ್ಟು ಗಟ್ಟಿ ಭಾಷೆಗೆ ಆತಂಕ ಇಲ್ಲವೆ? ಇದೆ, ಬೇರೆ ಕಡೆಯಿಂದ. 2010ರಲ್ಲಿ ಏಷ್ಯನ್ ಗೇಮ್ಸ್‌ಗೆ ಮುಂಚೆ ಗ್ವಾಂಗ್‌ಝೌ ಟಿವಿಯ ಮುಖ್ಯ ಚಾನೆಲ್‌ಗಳನ್ನು ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್‌ಗೆ ಬದಲಿಸುವ ಸಲಹೆ ಬಂದಾಗ ಜನ ಬೀದಿಗಿಳಿದರು. ಶಾಲೆಯಲ್ಲಿ ಮ್ಯಾಂಡರಿನ್, ಟಿವಿಯಲ್ಲೂ ಅದೇ ಆದರೆ ಮಗು ಕ್ಯಾಂಟನೀಸ್ ಕಲಿಯುವುದು ಎಲ್ಲಿ? ಹಾಂಗ್‌ಕಾಂಗ್‌ನ ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಈಗ ಚೀನೀ ಭಾಷಾ ಪಾಠವನ್ನೇ ಮ್ಯಾಂಡರಿನ್‌ನಲ್ಲಿ ಹೇಳಿಕೊಡುತ್ತಾರೆ. ಬಾಸಿ, ಫೇಯ್, ಲಿಪ್ ಲೆಕ್ಕ ಹಾಕುತ್ತ ಕೂರುವವರು ಆ ತರಗತಿಗಳ ಬಗ್ಗೆ ಮಾತಾಡಲಿ ಅನ್ನುವುದು ನನ್ನ ಬೇಡಿಕೆ.